ಒಂದು ಬಟ್ಟಲಿನ ಮೇಲೆ ಹೊರಿಸಿದ ಭಾರ

ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಕಡೆಯ ತೋಟದ ಮನೆಗಳಲ್ಲಿ, ಬಂದವರನ್ನು ಮೊದಲು ಕೇಳುವ ಮಾತು "ಆಸರಿಗೆ ಏನಾಗಬೇಕು?" ಎಂಬುದು. ಅಂತಹ ಒಂದು ಮನೆಯಲ್ಲಿ ನಮ್ಮ ಜೊತೆಗಿದ್ದ ಯುವಕನೊಬ್ಬ ಬೆಲ್ಲ-ನೀರನ್ನು ಮುಟ್ಟಲಿಲ್ಲ. ಅದು "ಅವರ" ಪದ್ಧತಿ, ಚಹಾ ಆದರೆ ಅಡ್ಡಿಯಿಲ್ಲ ಎಂಬುದು ಅವನ ತರ್ಕ. ಚಹಾ ಯಾವಾಗ "ನಮ್ಮದು" ಆಯಿತೆಂದು ನಾವು ಯೋಚಿಸತೊಡಗಿದೆವು.

ಕಾಫಿಯ ಕಥೆ ಇನ್ನೂ ಹಳೆಯದು. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಝಿಕ್ರ್‌ಗೆ ಎಚ್ಚರವಾಗಿರಲು ಅದನ್ನು ಕುಡಿಯುತ್ತಿದ್ದರು. ಅವರಿಗೆ ಅದು ಆರಾಧನೆಯ ಸಹಾಯಕ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್, ವಿದ್ವಾಂಸರನ್ನೂ ವೈದ್ಯರನ್ನೂ ಕೂಡಿಸಿ ಅದೇ ಕಾಫಿಯನ್ನು ನಿಷೇಧಿಸಿದನು. 'ಕಹ್ವಾ' ಎಂಬುದು ಹಳೆಯ ಅರಬಿಯಲ್ಲಿ ಮದ್ಯಕ್ಕೂ ಇದ್ದ ಹೆಸರು. ಹೆಸರಿನ ಅನುಮಾನ ಪಾನೀಯಕ್ಕೂ ಅಂಟಿತು. ಕುಡಿಯುವವರು ಒಂದೆಡೆ ಸೇರಿ ಮಾತನಾಡುತ್ತಾರೆಂಬ ಭಯವೂ ಇತ್ತು. ಕೈರೋದ ಸುಲ್ತಾನನು ಆ ಪೂರ್ಣ ನಿಷೇಧವನ್ನು ಎತ್ತಿಹಿಡಿಯಲಿಲ್ಲ. ವಸ್ತುಗಳು ಮೂಲತಃ ಅನುಮತಿಸಲ್ಪಟ್ಟಿವೆ, ನಿಷೇಧಕ್ಕೇ ಪುರಾವೆ ಬೇಕು ಎಂಬ ಫಿಕ್ಹ್‌ನ ನಿಯಮವನ್ನು ಬಲ್ಲ ನಮ್ಮವರೂ ಹೀಗೆ ಎಡವಿದ್ದುಂಟು.

ಇದು ಮುಸ್ಲಿಮರ ದೋಷ ಮಾತ್ರವಲ್ಲ. 1675ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್, ಕಾಫಿ ಅಂಗಡಿಗಳಲ್ಲಿ ರಾಜದ್ರೋಹ ಬೆಳೆಯುತ್ತದೆಂದು ಅವುಗಳನ್ನು ಮುಚ್ಚಲು ಆಜ್ಞಾಪಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡನು.

ನಮ್ಮ ನಾಡಿಗೆ ಕಾಫಿ ತಂದವರು ಬಾಬಾ ಬುಡನ್ ಎಂಬುದು ಜನಜನಿತ. ಹಜ್‌ನಿಂದ ಮರಳುವಾಗ ಯಮನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಆ ಗಿರಿಯ ಹೆಸರಿನ ಬಗ್ಗೆ ವಾದ ನಡೆದಿದೆ. ಕಾಫಿಯನ್ನಂತೂ ವಾದಿಸುವ ಎರಡೂ ಕಡೆಯವರು ಕುಡಿಯುತ್ತಾರೆ!

ಚಹಾದ ಮಾತೂ ಹಾಗೆಯೇ. ಅದನ್ನು ಭಾರತೀಯರ ಮನೆಗೆ ತಲುಪಿಸಲು 1903ರ ಚಹಾ ಸುಂಕದ ಕಾನೂನಿನ ಹಣದಿಂದ ಪ್ರಚಾರ ನಡೆಯಿತು. ಚಹಾ-ಕಾಫಿ ದೇಹಕ್ಕೆ ಬೇಕಿಲ್ಲವೆಂದು ಗಾಂಧೀಜಿ ಬರೆದರು. 1947ರ ವೇಳೆಗೆ ಅದೇ ಚಹಾ ನೂರಕ್ಕೆ ನೂರು ಸ್ವದೇಶಿ ಎಂಬ ಭಿತ್ತಿಪತ್ರ ಹೊರಬಂತು. ಬಟ್ಟಲಿನ ಒಳಗಿದ್ದುದು ಮಾತ್ರ ಬದಲಾಗಿರಲಿಲ್ಲ.

ಇದನ್ನೆಲ್ಲ ಆ ಯುವಕನಿಗೆ ನಾವು ಹಿಂದಿರುಗುವ ದಾರಿಯಲ್ಲಿ ಹೇಳಿದೆವು. ಅಷ್ಟರಲ್ಲಿ ತಡವಾಗಿತ್ತು. ಮನೆಯೊಡತಿ ಬೆಲ್ಲದ ತುಂಡನ್ನೂ ನೀರಿನ ಚೊಂಬನ್ನೂ ಏನೂ ಮಾತನಾಡದೆ ಒಳಗೆ ಒಯ್ದಿದ್ದರು.