ರಾಜ್ಯಪಾಲರು: ಅರಸೊತ್ತಿಗೆ ಬಿಟ್ಟುಹೋದ ಹುದ್ದೆ

ಸಂಸದೀಯ ಪ್ರಜಾಪ್ರಭುತ್ವದಲ್ಲಿ ಆಡಳಿತ ನಡೆಸುವವರು ಒಬ್ಬರು, ಯಾರ ಹೆಸರಿನಲ್ಲಿ ಆಡಳಿತ ನಡೆಯುತ್ತದೆಯೋ ಅವರು ಇನ್ನೊಬ್ಬರು. ಎರಡನೆಯವರು ಅರಸರಾಗಿರಬಹುದು, ರಾಷ್ಟ್ರಪತಿಯಾಗಿರಬಹುದು ಅಥವಾ ಅವರ ಪ್ರತಿನಿಧಿಯಾಗಿರಬಹುದು. ನಮ್ಮ ರಾಜ್ಯಪಾಲರ ಹುದ್ದೆ ಬ್ರಿಟಿಷರ ಕಾಲದಿಂದ ಬಂದ ಬಳುವಳಿ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ಕನ್ನಡಿಗರಿಗೆ ಗವರ್ನರ್ ಎಂದರೆ ಮಲಬಾರ್ ಹಿಲ್‌ನ ತುದಿಯಲ್ಲಿ ಸಮುದ್ರಕ್ಕೆ ಮುಖಮಾಡಿದ ಭವನದಲ್ಲಿದ್ದವರು. 1948ರ ಜನವರಿಯಲ್ಲಿ ಮೊದಲ ಭಾರತೀಯ ಗವರ್ನರ್ ಆಗಿ ರಾಜಾ ಮಹಾರಾಜ್ ಸಿಂಗ್ ಅಲ್ಲಿಗೆ ಬಂದಾಗಲೂ ದೇಶದ ಮುಖ್ಯಸ್ಥರು ಶಾಸನದ ಪ್ರಕಾರ ಆರನೆಯ ಜಾರ್ಜ್ ದೊರೆಯೇ. 1950ರ ಜನವರಿ 26ರಂದು ದೊರೆ ಹೋದರು, ಹುದ್ದೆ ಉಳಿಯಿತು.

ಮೈಸೂರಿನಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. ಅಲ್ಲಿ ಅರಸರೇ ಪ್ರತಿನಿಧಿಯಾದರು. ‘ಮೈಸೂರು ಚಲೋ’ ಚಳವಳಿಯ ಫಲವಾಗಿ 1947ರ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಆಗ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ 28 ವರ್ಷ. ಸಂವಿಧಾನ ಜಾರಿಗೆ ಬಂದ ಮೇಲೆ ಅವರು ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯಿಸಿದಾಗ ರಾಜ್ಯಪಾಲರಾದರು. ಪೂರ್ವಜರು ಆಳಿದ ನೆಲದಲ್ಲಿ ಚುನಾಯಿತ ಮಂತ್ರಿಗಳ ಸಲಹೆಯಂತೆ ಸಹಿ ಮಾಡುವುದು ಅವರ ಪಾಲಿನ ಕರ್ತವ್ಯವಾಯಿತು. 1964ರಲ್ಲಿ ಅವರನ್ನು ಮದರಾಸಿನ ರಾಜ್ಯಪಾಲರನ್ನಾಗಿ ನೇಮಿಸಲಾಯಿತು. ಸಿಂಹಾಸನವೇರಿದವರಿಗೂ ವರ್ಗಾವಣೆ ತಪ್ಪಲಿಲ್ಲವಲ್ಲ ಎಂದು ಬ್ಯಾಂಕಿನವನಾದ ನನಗೆ ಅನ್ನಿಸುವುದುಂಟು!

ರಾಜ್ಯಪಾಲರಿಗೆ ಸ್ವಂತ ಅಧಿಕಾರವೆಷ್ಟು? ಮಂತ್ರಿಮಂಡಲದ ನೆರವು ಹಾಗೂ ಸಲಹೆಯನ್ನು ಸಂವಿಧಾನದ 163ನೆಯ ವಿಧಿ ಹೇಳುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆ ಸಲಹೆಯಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 1974ರಲ್ಲಿ ಸ್ಪಷ್ಟಪಡಿಸಿತು. ತೊಡಕು ಹುಟ್ಟುವುದು ಸಲಹೆ ಕೊಡುವವರಿಗೆ ಬಹುಮತವಿದೆಯೇ ಎಂಬ ಸಂಶಯ ಮೂಡಿದಾಗ. ಆಸ್ಟ್ರೇಲಿಯದಲ್ಲಿ ತೊಡಕು ಇನ್ನೊಂದು ಬಗೆಯದಾಗಿತ್ತು. ಕೆಳಮನೆಯಲ್ಲಿ ಬಹುಮತವಿದ್ದರೂ ಮೇಲ್ಮನೆ ಹಣಕಾಸು ಮಸೂದೆಗಳನ್ನು ತಡೆಹಿಡಿದಿತ್ತೆಂದು, ರಾಣಿಯ ಪ್ರತಿನಿಧಿ ಸರ್ ಜಾನ್ ಕೆರ್ 1975ರ ನವೆಂಬರ್ 11ರಂದು ಪ್ರಧಾನಿ ಗಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು.

ನಮ್ಮಲ್ಲಿ ಇದಕ್ಕೆ ಉತ್ತರ ದೊರೆತದ್ದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಬಳಿಕ ಏಳು ಮಂದಿ ಮಾತು ಬದಲಿಸಿದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುವುದಾಗಿ ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ರಾಜ್ಯದಲ್ಲಿ ಹೊಸ ಚುನಾವಣೆಯೇ ನಡೆದು ನಾಲ್ಕು ವರ್ಷಗಳಾಗಿದ್ದವು. ಬೊಮ್ಮಾಯಿಯವರು ಕಳೆದುಕೊಂಡ ಕುರ್ಚಿ ಅವರಿಗೆ ಮರಳಲಿಲ್ಲ.

ಆ ತೀರ್ಪಿನ ಪ್ರಯೋಜನ ಬೇರೆಯವರಿಗೆ ದೊರೆಯಿತು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಗಡುವನ್ನು ಸುಪ್ರೀಂ ಕೋರ್ಟ್ ಮೊಟಕುಗೊಳಿಸಿತು. ನಮ್ಮ ಮುಂಬಯಿಯವರಿಗಂತೂ 2019ರ ನವೆಂಬರ್ 23ರ ಶನಿವಾರ ನೆನಪಿರಬೇಕು. ಆ ದಿನ ಮನೆಬಾಗಿಲಿಗೆ ಬಂದ ಪತ್ರಿಕೆಗಳಲ್ಲಿ ಭಾವೀ ಮುಖ್ಯಮಂತ್ರಿಯೆಂದು ಉದ್ಧವ್ ಠಾಕ್ರೆಯವರ ಹೆಸರಿತ್ತು. ಮಾಟುಂಗದಲ್ಲಿ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ದೇವೇಂದ್ರ ಫಡ್ನವೀಸ್ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿ.ವಿ. ತೋರಿಸುತ್ತಿತ್ತು. ಮರುದಿನವೇ ಸದನದಲ್ಲಿ ಬಹುಮತ ತೋರಿಸಬೇಕೆಂದು 26ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ಮಧ್ಯಾಹ್ನ ಫಡ್ನವೀಸ್ ರಾಜೀನಾಮೆ ಕೊಟ್ಟರು.