ಒಬ್ಬ ಮನುಷ್ಯನಿಗೆ ಎಷ್ಟು ಅಂಗಿ?

ಬೀರು ಮಾಡಲು ಬಂದ ಬಡಗಿ ಸಾಮಾನ್ಯವಾಗಿ ಮೊದಲು ಅಳೆಯುವುದು ಗೋಡೆಯನ್ನು. ಡೆನ್ಮಾರ್ಕಿನ ಬೋರ್ಗೆ ಮೋಗೆನ್ಸೆನ್ ಅಂಗಿ, ಚಮಚಗಳಿಂದ ಶುರುಮಾಡಿದ. ಮಡಿಸಿಟ್ಟ ಅಂಗಿಗೆ ಎಷ್ಟು ಜಾಗ ಬೇಕು? ಸಾಧಾರಣ ಮನುಷ್ಯನೊಬ್ಬನ ಬಳಿ ಅಂಥವು ಎಷ್ಟಿರುತ್ತವೆ? 1950ರ ದಶಕದಲ್ಲಿ ಅವನೂ ವಾಸ್ತುಶಿಲ್ಪಿ ಗ್ರೇಥೆ ಮೇಯರ್ ಅವರೂ ಸೇರಿ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿದರು. ಆ ಲೆಕ್ಕದಿಂದಲೇ ಖಾನೆಯ ಅಗಲ, ಹಲಗೆಯ ಆಳ ನಿರ್ಧಾರವಾದವು. 1954ರ ಆ ಯೋಜನೆಯ ಹೆಸರು ‘ಬೋಲಿಗೆನ್ಸ್ ಬ್ಯುಗ್ಗೆಸ್ಕಾಬೆ’. ಮನೆಯೊಳಗೇ ಕಟ್ಟಿಕೊಳ್ಳುವ ಬೀರುಗಳು ಎಂದರ್ಥ. ಅಂಗಡಿಯಿಂದ ತಂದು ಮೂಲೆಯಲ್ಲಿ ನಿಲ್ಲಿಸುವ ಬದಲು ಬೀರು ಕೋಣೆಯ ಭಾಗವೇ ಆಗಿರಬೇಕು ಎಂಬುದು ಅವರ ಆಲೋಚನೆ.

ಈ ಅಳೆಯುವ ಚಟ ಮೋಗೆನ್ಸೆನ್‌ಗೆ ಗುರುವಿನಿಂದ ಬಂದದ್ದು. 1914ರಲ್ಲಿ ಆಲ್ಬೋರ್ಗ್‌ನಲ್ಲಿ ಹುಟ್ಟಿದ ಅವನು ಮೊದಲು ಕೈಕೆಲಸ ಕಲಿತ ಬಡಗಿ. ಆಮೇಲೆ ಕೋಪನ್‌ಹೇಗನ್ನಿನ ರಾಯಲ್ ಅಕಾಡೆಮಿಯಲ್ಲಿ ಕೋರೆ ಕ್ಲಿಂಟ್ ಅವರ ಶಿಷ್ಯನಾದ. ಕ್ಲಿಂಟ್ ಅಲ್ಲಿ 1924ರಲ್ಲೇ ಪೀಠೋಪಕರಣ ವಿಭಾಗ ಆರಂಭಿಸಿದ್ದರು. ಹಳೆಯದನ್ನೆಲ್ಲ ಎಸೆದು ಹೊಸದನ್ನು ಸೃಷ್ಟಿಸುವ ಉಮೇದು ಯುರೋಪಿನ ಉಳಿದೆಡೆ ಜೋರಾಗಿದ್ದಾಗ ಈ ಮೇಷ್ಟರು ಮನುಷ್ಯರ ದೇಹ, ಮನೆಯ ತಟ್ಟೆ-ಲೋಟ, ಹಿಂದಿನವರ ಕುರ್ಚಿ ಮೇಜುಗಳನ್ನು ಅಳೆದು ಚಿತ್ರ ಬರೆಯಿರಿ ಎನ್ನುತ್ತಿದ್ದರು. ಬೇಸರದ ಪಾಠವೇ ಸರಿ. ಆದರೆ ಡೆನ್ಮಾರ್ಕಿನ ಆಧುನಿಕತೆಗೆ ಅಷ್ಟು ಸಭ್ಯವಾದ ಮುಖ ಬಂದದ್ದು ಈ ಬೇಸರದಿಂದಲೇ ಎಂದು ನನಗನಿಸುತ್ತದೆ.

1942. ದೇಶ ಜರ್ಮನಿಯ ಹಿಡಿತದಲ್ಲಿತ್ತು. ಆಗ ಬಳಕೆದಾರರ ಸಹಕಾರಿ ಒಕ್ಕೂಟ ಎಫ್‌ಡಿಬಿ ತನ್ನ ಪೀಠೋಪಕರಣ ವಿನ್ಯಾಸದ ಹೊಣೆಯನ್ನು ಇಪ್ಪತ್ತೆಂಟರ ಮೋಗೆನ್ಸೆನ್‌ಗೆ ಒಪ್ಪಿಸಿತು. ಚಿಕ್ಕ ಮನೆಗಳಿಗೆ ಹೊಂದುವ, ಬೆಲೆ ಕೈಗೆಟುಕುವ, ಆದರೆ ಅಗ್ಗದ್ದೆಂದು ತೋರದ ಸಾಮಾನು ಬೇಕಿತ್ತು. 1947ರ ಅವನ ಜೆ39 ಕುರ್ಚಿಯನ್ನು, ಬೀಚ್ ಮರದ ಚೌಕಟ್ಟಿಗೆ ಕಾಗದದ ಹುರಿ ಹೆಣೆದದ್ದನ್ನು, ಜನ ಈಗಲೂ ‘ಜನರ ಕುರ್ಚಿ’ ಎನ್ನುತ್ತಾರೆ. 1950ರಲ್ಲಿ ಎಫ್‌ಡಿಬಿ ಬಿಟ್ಟು ಸ್ವಂತ ಕಚೇರಿ ತೆರೆದ.

ಮುಂದೆ 1955ರಿಂದ 1967ರವರೆಗೆ ಸ್ವೀಡನ್ನಿನ ಕಾರ್ಲ್ ಆಂಡರ್ಸನ್ ಸಂಸ್ಥೆಗಾಗಿ ರೂಪುಗೊಂಡದ್ದು ‘ಓರೆಸುಂದ್’ ಬೀರುಗಳ ಸಾಲು. ಎರಡೂ ದೇಶಗಳ ನಡುವಿನ ಜಲಸಂಧಿಯ ಹೆಸರು ಅದು. ಮನೆಯಲ್ಲಿ ಎತ್ತಿಡಬೇಕಾದ ಯಾವ ವಸ್ತುವಿಗೂ ಜಾಗ ಇಲ್ಲವೆನ್ನುವಂತಿರಬಾರದು ಎಂಬ ಹಟದಲ್ಲಿ ಮಾಡಿದ್ದು. ಕೆತ್ತನೆ ಇಲ್ಲ, ಬಾಗು ಬಳುಕಿಲ್ಲ. ನೋಡಿದರೆ ಮಹಾ ಕಲಾಕೃತಿ ಎನ್ನಿಸುವುದೇ ಇಲ್ಲ.

ಇಲ್ಲೊಂದು ತಕರಾರು ತೆಗೆಯಬಹುದು. ಸರಾಸರಿ ಎಂದರೆ ಯಾರ ಸರಾಸರಿ? ಇಷ್ಟು ಅಂಗಿಗೆಂದು ಅಳೆದು ಮಾಡಿದ ಖಾನೆ ಅಷ್ಟಿಲ್ಲದವನ ಮನೆಯಲ್ಲಿ ದಿನಾ ಬೆಳಗ್ಗೆ ಅವನ ಬಡತನವನ್ನು ತೆರೆದು ತೋರಿಸುತ್ತದೆ. ಕೂಡಿಡುವವನಿಗೆ ಅದು ಬೇಗ ತುಂಬಿಹೋಗುತ್ತದೆ. ಎಲ್ಲರನ್ನೂ ಸಮವಾಗಿ ಕಾಣುವ ಆಸೆಯಲ್ಲಿ, ಹೀಗೆ ಬದುಕಿ ಎಂದು ಮೆಲ್ಲಗೆ ಹೇಳುವ ಮೇಷ್ಟರಿಕೆಯೂ ಇದೆ. ಆದರೂ ಶ್ರೀಮಂತನ ಹಜಾರವನ್ನಲ್ಲದೆ ಸಾಮಾನ್ಯರ ಕಪಾಟಿನೊಳಗಿನ ಗಂಟನ್ನು ಅಳೆಯಲು ಹೋದ ವಿನ್ಯಾಸಕಾರರು ಎಷ್ಟು ಮಂದಿ?

ಮೋಗೆನ್ಸೆನ್ 1972ರಲ್ಲಿ ತೀರಿಕೊಂಡ. ಈಗ ಅವನ ಹಳೆಯ ಬೀರುಗಳು ಸಂಗ್ರಾಹಕರ ಸರಕು. ಸಾಧಾರಣ ಸಂಸಾರ ಕೊಳ್ಳುವ ಬೆಲೆಯಲ್ಲಿ ಸಿಗುವುದಿಲ್ಲ. ಇಬ್ಬರ ಕೆಲಸಕ್ಕೂ ಅನೇಕರ ಬಾಯಲ್ಲಿ ಬರುವುದು ಅವನೊಬ್ಬನ ಹೆಸರೇ. ಗ್ರೇಥೆ ಮೇಯರ್ ಅವರು 2008ರವರೆಗೆ ಬದುಕಿದ್ದರು. ಬೀರಿನ ಯೋಜನೆಯಾದ ಹತ್ತು-ಹನ್ನೊಂದು ವರ್ಷಕ್ಕೆ, 1965ರಲ್ಲಿ, ರಾಯಲ್ ಕೋಪನ್‌ಹೇಗನ್ ಕಾರ್ಖಾನೆಗೆ ‘ಬ್ಲೋಕಾಂಟ್’ ಎಂಬ ಊಟದ ಪಾತ್ರೆಗಳನ್ನು ರೂಪಿಸಿಕೊಟ್ಟರು: ಅಂಚಿಗೆ ತೆಳು ನೀಲಿ ಗೆರೆ ಬಿಟ್ಟರೆ ಬೇರೆ ಅಲಂಕಾರವಿಲ್ಲದ ತಟ್ಟೆ, ಬಟ್ಟಲುಗಳು.