ಒಂದೇ ಯುನಿಕ್ಸ್ ಸರ್ವರಿನಲ್ಲಿ ನೂರಾರು ವೆಬ್‌ಸೈಟ್: ಹದಗೊಳಿಸುವ ಬಗೆ

ಶಿವಮೊಗ್ಗ: ನಗರದ ಒಂದು ಶಾಲೆ, ಭದ್ರಾವತಿಯ ಒಂದು ಸಹಕಾರ ಸಂಘ, ಜಿಲ್ಲೆಯ ಒಂದು ಪತ್ರಿಕೆ ತಮ್ಮದೇ ವೆಬ್ ವಿಳಾಸ ಹೊಂದಿರಬಹುದು. ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಯಂತ್ರವಿರುವುದು ವಿರಳ. ದೂರದ ಊರಿನ ಒಂದೇ ಸರ್ವರಿನಲ್ಲಿ ಇವೆಲ್ಲವೂ ವಠಾರದ ಬಾಡಿಗೆದಾರರಂತೆ ನೆಲೆಸಿರುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಶಾಲೆಯ ಪುಟಕ್ಕೆ ಜನ ಮುಗಿಬಿದ್ದರೆ, ಸಂಘದ ಸದಸ್ಯನಿಗೆ ತನ್ನ ಸಂಘದ ಪುಟವೂ ತೆರೆಯದಂತಾಗುತ್ತದೆ. ಇದನ್ನು ತಡೆಯುವುದು ಹೆಚ್ಚಿನ ಹಣಕ್ಕಿಂತ ಸರಿಯಾದ ಲೆಕ್ಕಾಚಾರವನ್ನು ಅವಲಂಬಿಸಿದೆ.

ಮೊದಮೊದಲು ಪ್ರತಿ ಸೈಟಿಗೂ ಬೇರೆ ಬೇರೆ ಐಪಿ ವಿಳಾಸ ಬೇಕಾಗಿತ್ತು. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯು, ತನಗೆ ಬೇಕಾದ ಸೈಟಿನ ಹೆಸರನ್ನು ಬ್ರೌಸರ್ ಪ್ರತಿ ಕೋರಿಕೆಯಲ್ಲಿಯೂ ತಿಳಿಸಬೇಕೆಂದು ಕಡ್ಡಾಯಗೊಳಿಸಿತು. ಸುರಕ್ಷಿತ ಸಂಪರ್ಕದ ಸೈಟುಗಳಿಗೆ ಇದೇ ಅನುಕೂಲವನ್ನು 2003ರಲ್ಲಿ ರೂಪುಗೊಂಡ ಎಸ್‌ಎನ್‌ಐ ವಿಧಾನ ಒದಗಿಸಿತು. ಈಗ ಒಂದೇ ಐಪಿ ವಿಳಾಸ ನೂರಾರು ಸೈಟುಗಳಿಗೆ ಸಾಕು.

ಮೆಮೊರಿಯ ಲೆಕ್ಕ

ಅಪಾಚೆ ಸರ್ವರಿನ ಹಳೆಯ ‘ಪ್ರಿಫೋರ್ಕ್’ ವಿಧಾನದಲ್ಲಿ ಒಂದು ಕೋರಿಕೆಯನ್ನು ಒಂದು ಪ್ರಕ್ರಿಯೆ ನಿರ್ವಹಿಸುತ್ತದೆ. ಪಿಎಚ್‌ಪಿಯನ್ನು ಒಡಲಲ್ಲಿಟ್ಟುಕೊಂಡ ಪ್ರಕ್ರಿಯೆ ಸುಮಾರು 40 ಎಂಬಿ ಮೆಮೊರಿ ಬಳಸುತ್ತದೆ ಎಂದು ಭಾವಿಸೋಣ. ಯಂತ್ರದಲ್ಲಿರುವುದು 4 ಜಿಬಿ. ಅದರಲ್ಲಿ 1 ಜಿಬಿಯನ್ನು ಕಾರ್ಯಾಚರಣೆ ವ್ಯವಸ್ಥೆಗೂ ದತ್ತಸಂಚಯಕ್ಕೂ ಮೀಸಲಿಟ್ಟರೆ ಉಳಿದ 3 ಜಿಬಿಯಲ್ಲಿ 76 ಪ್ರಕ್ರಿಯೆಗಳು ಹಿಡಿಸುತ್ತವೆ. ಆದರೆ ಅಪಾಚೆಯ ಪೂರ್ವನಿಗದಿತ ಮಿತಿ 256. ಅಷ್ಟೂ ಪ್ರಕ್ರಿಯೆಗಳು ಒಮ್ಮೆಗೇ ಹುಟ್ಟಿಕೊಂಡರೆ ಬೇಕಾಗುವುದು 10 ಜಿಬಿ! ಯಂತ್ರವು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗಿ ಆಮೆಗತಿಗೆ ಇಳಿಯುತ್ತದೆ. ಆದ್ದರಿಂದ ‘ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್’ ಎಂಬ ಮಿತಿಯನ್ನು 70ರ ಆಸುಪಾಸಿಗೆ ಇಳಿಸಬೇಕು. ಉಳಿದವರು ಕೆಲಕ್ಷಣ ಸರದಿಯಲ್ಲಿ ಕಾಯುತ್ತಾರೆ. ಎಲ್ಲರಿಗೂ ಬಾಗಿಲು ಮುಚ್ಚುವುದಕ್ಕಿಂತ ಇದು ವಾಸಿ. ಹಳೆಯ ಕೈಪಿಡಿಗಳಲ್ಲಿ ಇದೇ ಮಿತಿಗೆ ‘ಮ್ಯಾಕ್ಸ್‌ಕ್ಲೈಂಟ್ಸ್’ ಎಂಬ ಹೆಸರಿದೆ. ಹೆಸರು ಬದಲಾದದ್ದು 2012ರ 2.4 ಆವೃತ್ತಿಯಲ್ಲಿ.

ಆದರೂ ನೆರೆಮನೆಯ ಕಾಟ ಇದರಿಂದ ಪೂರ್ತಿ ತಪ್ಪದು. 70 ಸ್ಥಾನಗಳನ್ನೂ ಶಾಲೆಯೊಂದೇ ಆಕ್ರಮಿಸಬಹುದಲ್ಲ? ಇದಕ್ಕೆ ಸರಿಯಾದ ಪರಿಹಾರವೆಂದರೆ ಪಿಎಚ್‌ಪಿಯನ್ನು ಅಪಾಚೆಯಿಂದ ಬೇರ್ಪಡಿಸುವುದು. 2010ರಲ್ಲಿ ಪಿಎಚ್‌ಪಿ 5.3.3ರೊಂದಿಗೆ ಬಂದ ‘ಎಫ್‌ಪಿಎಂ’ ಸೌಲಭ್ಯದಲ್ಲಿ ಪ್ರತಿ ಸೈಟಿಗೂ ಪ್ರತ್ಯೇಕ ಗುಂಪು, ಪ್ರತ್ಯೇಕ ಬಳಕೆದಾರ ಹೆಸರು, ಪ್ರತ್ಯೇಕ ಮಿತಿ ನೀಡಬಹುದು. ಶಾಲೆಗೆ 20 ಪ್ರಕ್ರಿಯೆ, ಸಂಘಕ್ಕೆ 5 ಎಂದು ನಿಗದಿಪಡಿಸಿದರೆ ಒಬ್ಬರ ಪಾಲನ್ನು ಇನ್ನೊಬ್ಬರು ಕಬಳಿಸುವಂತಿಲ್ಲ. ಒಂದು ಸೈಟಿಗೆ ಕನ್ನ ಹಾಕಿದವನು ಪಕ್ಕದ ಸೈಟಿನ ಕಡತಗಳಿಗೆ ಕೈಚಾಚುವುದೂ ಕಷ್ಟವಾಗುತ್ತದೆ. ಜೊತೆಗೆ ಅಪಾಚೆಯನ್ನು ‘ಇವೆಂಟ್’ ವಿಧಾನಕ್ಕೆ ಬದಲಿಸಿದರೆ, ಪುಟ ಪಡೆದ ಮೇಲೂ ಸಂಪರ್ಕ ಬಿಡದ ಬ್ರೌಸರಿಗಾಗಿ ಪ್ರಕ್ರಿಯೆಯೊಂದು ಸುಮ್ಮನೆ ಕುಳಿತಿರಬೇಕಾಗಿಲ್ಲ. ಪ್ರಿಫೋರ್ಕ್‌ನಲ್ಲೇ ಮುಂದುವರಿಯುವವರು ‘ಕೀಪ್‌ಅಲೈವ್’ ಅವಧಿಯನ್ನು 5 ಸೆಕೆಂಡಿನಿಂದ 2ಕ್ಕೆ ಇಳಿಸುವುದು ಒಳ್ಳೆಯದು.

ಇನ್ನೊಂದು ತೊಡಕು ಸದ್ದಿಲ್ಲದೆ ಬರುತ್ತದೆ. ಪ್ರತಿ ಸೈಟಿಗೂ ಭೇಟಿಗಳ ದಾಖಲೆಗೊಂದು, ದೋಷಗಳ ದಾಖಲೆಗೊಂದು ಎಂದು ಎರಡು ಲಾಗ್ ಕಡತಗಳಿದ್ದರೆ, 500 ಸೈಟುಗಳಿಗೆ 1,000 ಕಡತಗಳು ತೆರೆದಿರುತ್ತವೆ. ಅನೇಕ ಯುನಿಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರಕ್ರಿಯೆ ತೆರೆಯಬಹುದಾದ ಕಡತಗಳ ರೂಢಿಯ ಮಿತಿ 1,024. ಇನ್ನಷ್ಟು ಸೈಟು ಸೇರಿಸಿದ ದಿನ ಸರ್ವರ್ ಮೇಲೇಳುವುದೇ ಇಲ್ಲ. ‘ಯುಲಿಮಿಟ್’ ಮೂಲಕ ಮಿತಿ ಹೆಚ್ಚಿಸಬಹುದು. ಅಥವಾ ಸೈಟಿನ ಹೆಸರು ಸಮೇತ ಎಲ್ಲವನ್ನೂ ಒಂದೇ ಲಾಗ್‌ಗೆ ಬರೆಸಿ ನಂತರ ವಿಂಗಡಿಸಬಹುದು.

ಹೆಸರಿನ ಗೊಂದಲ

2014ರ ನವೆಂಬರ್ 1ರಂದು ಶಿಮೊಗ ಅಧಿಕೃತವಾಗಿ ಶಿವಮೊಗ್ಗವಾಯಿತು. ಇಂಗ್ಲಿಷಿನಲ್ಲಿ ಭದ್ರಾವತಿಯ ‘ತಿ’ಗೆ ‘ಎಚ್’ ಸೇರಿಸುವವರೂ ಇದ್ದಾರೆ, ಸೇರಿಸದವರೂ ಇದ್ದಾರೆ. ಹೀಗಾಗಿ ಇಲ್ಲಿನ ಸಂಸ್ಥೆಯೊಂದು ಎರಡು ಮೂರು ವಿಳಾಸಗಳನ್ನು ಕಾಯ್ದುಕೊಳ್ಳಬೇಕಾಗುವುದು ಸಹಜ. ಇವುಗಳಲ್ಲೊಂದನ್ನು ಸರ್ವರಿನಲ್ಲಿ ನಮೂದಿಸಲು ಮರೆತರೆ ಅಪಾಚೆ ದೋಷಸೂಚನೆ ನೀಡುವುದಿಲ್ಲ. ಪಟ್ಟಿಯಲ್ಲಿ ಮೊದಲಿರುವ ಸೈಟನ್ನು ತೋರಿಸಿಬಿಡುತ್ತದೆ. ಸಂಘದ ಹಳೆಯ ವಿಳಾಸ ಬರೆದವರಿಗೆ ಮತ್ತಾರದೋ ಅಂಗಡಿ ಕಾಣುವುದು ಹೀಗೆ. ಪಟ್ಟಿಯ ಆರಂಭದಲ್ಲೇ ಖಾಲಿ ಸೈಟೊಂದನ್ನು ಇರಿಸಿ, ಹಳೆಯ ವಿಳಾಸಗಳನ್ನು ‘301’ ಸೂಚನೆಯೊಂದಿಗೆ ಹೊಸದಕ್ಕೆ ಕಳುಹಿಸಬೇಕು. ಸುರಕ್ಷತಾ ಪ್ರಮಾಣಪತ್ರದಲ್ಲಿಯೂ ಎಲ್ಲ ಹೆಸರುಗಳಿರಬೇಕು.

ಕನ್ನಡ ಪುಟಗಳಿಗೆ ಸಂಕುಚನ ಅತ್ಯಗತ್ಯ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಶಿವಮೊಗ್ಗ’ ಎಂಬುದರಲ್ಲಿ ಗುಣಿತ ಚಿಹ್ನೆ, ವಿರಾಮ ಚಿಹ್ನೆ ಸೇರಿ 8 ಸಂಕೇತಗಳು, ಅಂದರೆ 24 ಬೈಟ್, ಇಂಗ್ಲಿಷಿನಲ್ಲಿ 10. ಕನ್ನಡ ಸಂಕೇತಗಳ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ರೂಪ. ಈ ಪುನರಾವರ್ತನೆಯಿಂದಾಗಿ ‘ಮಾಡ್ ಡಿಫ್ಲೇಟ್’ ಕನ್ನಡ ಪಠ್ಯವನ್ನು ಚೆನ್ನಾಗಿ ಕುಗ್ಗಿಸುತ್ತದೆ.

ಬದಲಾವಣೆಗಳ ಪರೀಕ್ಷೆಗೆ ಅಪಾಚೆಯೊಂದಿಗೇ ದೊರೆಯುವ ‘ಎಬಿ’ ಉಪಕರಣ ಸಾಕು. ಫಲಿತಾಂಶಕ್ಕೆ ಕೆಲವು ದಿನ ಮೊದಲೇ, ರಾತ್ರಿ ಹೊತ್ತಿನಲ್ಲಿ, ಬೇರೆ ಯಂತ್ರದಿಂದ ಅದನ್ನು ನಡೆಸಬೇಕು. ಆಗ ಲಿನಕ್ಸ್ ಸರ್ವರಿನಲ್ಲಿ ‘ವಿಎಂಸ್ಟ್ಯಾಟ್’ ತೋರಿಸುವ ‘ಎಸ್‌ಐ’, ‘ಎಸ್‌ಒ’ ಅಂಕಣಗಳು ಸೊನ್ನೆಯಾಗಿಯೇ ಉಳಿಯಬೇಕು. ಸತತವಾಗಿ ಬೇರೆ ಅಂಕಿ ಕಂಡರೆ ಪ್ರಕ್ರಿಯೆಗಳ ಮಿತಿಯನ್ನು ಇನ್ನೂ 10 ಇಳಿಸಿ ಮತ್ತೆ ಪರೀಕ್ಷಿಸುವುದು.